ರೈಲಿಲ್ಲದ ಊರಿನಲ್ಲಿ ರೈಲಿನ ಮಾತು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



 ನಮ್ಮ ಭಾಷಣದ ವಿಷಯ ರೈಲು ಹಳಿಯ ಬದಿಯ ಹಳೇ ಕಟ್ಟಡಗಳು ಅಂತ ಗೊತ್ತಾದ ಕೂಡಲೇ ಹಿರಿಯರೊಬ್ಬರು, "ನಮ್ಮೂರಿಗೆ ರೈಲೇ ಇಲ್ಲ, ಇವರು ಯಾಕ ರೈಲಿನ ಪುರಾಣ ಹೇಳಾಕ ಬಂದಾರ?" ಅಂತ ನಕ್ಕರಂತೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆ ಪ್ರಶ್ನೆಯಿಂದಲೇ ಸುರು ಮಾಡೋಣ.

ರೈಲು ಬರುವುದಕ್ಕಿಂತ ಮೊದಲು ಈ ಸೀಮೆಯ ಹತ್ತಿ ಚಕ್ಕಡಿಯಲ್ಲಿ ಹೋಗುತ್ತಿತ್ತು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ ಘಟ್ಟ ಇಳಿದು ಕಾರವಾರ ಬಂದರಕ್ಕೆ ಒಂದು ದಾರಿ. ಕುಮಟಾ ಬಂದರಕ್ಕೆ ಇಳಿಯುವುದು ಇನ್ನೊಂದು ದಾರಿ. ಬೆಳೆದವರು ನಾವು ಧಾರವಾಡದ ಕಡೆಯ ಎರೆಹೊಲದವರು, ಆದರೆ ಮುಂಬಯಿ ಪೇಟೆಯಲ್ಲಿ ಆ ಮಾಲಿಗೆ 'ಕುಮಟಾ ಹತ್ತಿ' ಅಂತಲೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರವನ್ನು ಬೆಳೆಸಿ ಈ ಹತ್ತಿ ಸಾಗಿಸುವ ಲೆಕ್ಕಾಚಾರವೂ ಇತ್ತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕಬೇಕೆಂಬ ಮಾತು ಆಗಲೇ ಎದ್ದಿತ್ತು.

ಅದು ಆಗಲಿಲ್ಲ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಮಂದಿ ಲಕ್ಷಗಟ್ಟಲೆ ಸತ್ತರು. ದೂರದಿಂದ ಕಾಳು ತಂದು ಹಾಕಲು ರೈಲು ಬೇಕು ಅಂತ ಸರಕಾರಕ್ಕೆ ಆಗ ಮನವರಿಕೆ ಆಯಿತು. 1878ರ ಕೊನೆಗೆ ಇಂಗ್ಲೀಷರು ಪೋರ್ತುಗೀಜರ ಜೊತೆ ಒಪ್ಪಂದ ಮಾಡಿಕೊಂಡು ಗೋವಾದ ಮುರಗಾಂವ ಬಂದರಕ್ಕೆ ದಾರಿ ಮಾಡಿದರು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೊಟಗಿಯಿಂದ ವಿಜಾಪುರ, ಬಾಗಲಕೋಟೆ ಮೇಲೆ ಗದಗಕ್ಕೆ ಗಾಡಿ ಬಂತು. ಆ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿ, ಧಾರವಾಡ, ಲೋಂಡಾ, ಕ್ಯಾಸಲರಾಕ್ ಮೇಲೆ ಸಮುದ್ರದವರೆಗೆ ಹಳಿ ಕೂಡಿತು. ನಮ್ಮ ಘಟ್ಟದ ದಾರಿಯ ಚಕ್ಕಡಿಗಳು ಕಡಿಮೆ ಆದವು, ಕಾರವಾರ ಕುಮಟಾದ ವ್ಯಾಪಾರ ಇಳಿಯಿತು.

ಅಂದರೆ ತಂಬೂರಿನಂಥ ಊರಿಗೆ ರೈಲು ಬರಲಿಲ್ಲ ನಿಜ, ಆದರೆ ರೈಲು ಬಾರದೆ ಇದ್ದದ್ದೇ ಈ ಭಾಗದ ಚರಿತ್ರೆಯ ಒಂದು ದೊಡ್ಡ ಸಂಗತಿ. ಹಿರಿಯರ ಪ್ರಶ್ನೆಗೆ ಇದು ನಮ್ಮ ಮೊದಲ ಉತ್ತರ.

ಇನ್ನು ನಮ್ಮ ಕೆಲಸದ ಮಾತು. ನಾವು ನಾಲ್ಕೈದು ಮಂದಿ ಗೆಳೆಯರು ಒಂದು ಟೇಪು, ಒಂದು ವಹಿ, ಒಂದು ಕ್ಯಾಮೆರಾ ಹಿಡಿದು ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆಗೂ, ಕುಂದಗೋಳ, ಸೌಂಶಿ, ಗುಡಗೇರಿ ಕಡೆಗೂ ಬಿಡುವಿದ್ದಾಗ ಅಡ್ಡಾಡಿ, ರೈಲು ದಾರಿಯ ಹಳೇ ಕಟ್ಟಡಗಳನ್ನು ಅಳೆದು ಬರೆದಿಡುತ್ತಾ ಬಂದಿದ್ದೇವೆ. ನಮ್ಮಲ್ಲಿ ಇಂಜಿನಿಯರು ಯಾರೂ ಇಲ್ಲ. ನೋಡುವ ಕಣ್ಣು, ಬರೆಯುವ ಕೈ ಇದ್ದರೆ ಸಾಕು ಅಂತ ಹೊರಟೆವು.

ಏನು ನೋಡಿದಿರಿ ಅಂದರೆ, ದೊಡ್ಡದೇನೂ ಅಲ್ಲ. ಕಲ್ಲು ಗಚ್ಚಿನ ಗೋಡೆಯ ಸಣ್ಣ ಸ್ಟೇಶನ್ನು, ಟಿಕೀಟು ಕೊಡುವ ಕಮಾನಿನ ಕಿಂಡಿ, ಮಾಲು ಇಳಿಸುವ ಗೂಡ್ಸ್ ಶೆಡ್ಡು, ಗ್ಯಾಂಗಿನವರ ಮನೆಗಳು, ಉಗಿ ಇಂಜಿನ್ನಿಗೆ ನೀರು ಕೊಡುತ್ತಿದ್ದ ಟಾಕಿ, ಅದಕ್ಕಾಗಿ ತೋಡಿದ ಬಾವಿ, ಹಳ್ಳಕ್ಕೆ ಕಟ್ಟಿದ ಕಮಾನಿನ ಸೇತುವೆ, ಏರಿಗೆ ಮಣ್ಣು ತೆಗೆದ ತಗ್ಗು. ಹಂಚು ಬಿದ್ದಲ್ಲಿ ತಿರುವಿ ನೋಡಿದರೆ ಅದರ ಬೆನ್ನ ಮೇಲೆ ಕಾರಖಾನೆಯ ಹೆಸರು ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ಹಾಕಿದ ಮೇಲೆ ಆ ನಮೂನೆಯ ಹಂಚು ಎಲ್ಲೆಡೆ ಹರಡಿತು. ಬೇಲಿಗೆ ಕಂಬವಾಗಿ ನೆಟ್ಟ ಹಳೇ ಹಳಿಯ ತುಂಡಿನ ಪಕ್ಕದಲ್ಲಿ ಕೈ ಆಡಿಸಿದರೆ ಅದನ್ನು ತಯಾರಿಸಿದ ಕಂಪನಿ, ಇಸವಿ ಬೆರಳಿಗೆ ಹತ್ತುತ್ತದೆ. ಒಂದು ತುಕ್ಕು ಹಿಡಿದ ಕಂಬ ಸುದ್ದಾ ತನ್ನ ಜಾತಕ ತಾನೇ ಹೇಳತದ.

ಈ ದಾರಿಯ ಮಾಲೀಕರು ಎಷ್ಟು ಸಲ ಬದಲಾದರು ನೋಡಿ. 1908ರಲ್ಲಿ ಮದ್ರಾಸ ಕಂಪನಿ ಕೂಡಿ ಮದ್ರಾಸ ಮತ್ತು ಸದರ್ನ್ ಮರಾಠಾ ರೈಲ್ವೆ ಆಯಿತು. 1944ರಲ್ಲಿ ಸರಕಾರ ವಹಿಸಿಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯೇ ಮುಖ್ಯ ಕಚೇರಿಯಾದ ನೈಋತ್ಯ ರೈಲ್ವೆ. ಪ್ರತಿ ಸಲ ಫಲಕ ಬದಲಾಯಿತು, ಬಣ್ಣ ಬದಲಾಯಿತು. ಕಟ್ಟಡ ಮಾತ್ರ ಅದೇ ಉಳಿದಿತ್ತು. 1990ರ ದಶಕದಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದಾಗ ಮೊದಲ ಪೆಟ್ಟು ಬಿತ್ತು. ಒಂದು ಮೀಟರಿನ ಹಳಿ 1,676 ಮಿಲಿಮೀಟರ್ ಆಯಿತು, ಅದರ ಜೊತೆ ಪ್ಲಾಟಫಾರ್ಮು, ಸೇತುವೆ, ಸಿಗ್ನಲ್ಲು ಬದಲಾದವು. ಈಚೆಗೆ ಜೋಡಿ ಹಳಿ, ವಿದ್ಯುತ್ ತಂತಿ ಬಂದ ಮೇಲೆ ಉಳಿದವುಗಳಿಗೂ ಜಾಗ ಸಾಲದಾಗಿದೆ.

ಇಲ್ಲಿ ನಮ್ಮ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಒಂದು ಸಣ್ಣ ಸ್ಟೇಶನ್ನಿನ ಬಳಿ ಕಲ್ಲಿನ ಗೂಡ್ಸ್ ಶೆಡ್ಡು ಇತ್ತು. ಹತ್ತಿ ಅಂಡಿಗೆ ಉರುಳಿಸಿ ಉರುಳಿಸಿ ಅದರ ಹೊಸ್ತಿಲ ಕಲ್ಲು ಸವೆದು ನುಣ್ಣಗಾಗಿತ್ತು. ನಾವು ಹೋದ ದಿನ ಹೊತ್ತು ಮುಳುಗಿತ್ತು. "ಸಂಕ್ರಾಂತಿ ಆದ ಮ್ಯಾಲ ಬಂದು ಅಳತಿ ತಗೊಂಡ್ರಾತು, ಅದೇನ ಓಡಿ ಹೋಗತದ?" ಅಂತ ನಮ್ಮಲ್ಲೇ ಒಬ್ಬರು ಅಂದರು, ಉಳಿದವರು ಹೂಂ ಅಂದೆವು. ಸಂಕ್ರಾಂತಿ ಆದ ಮೇಲೆ ಹೋದರೆ ಅಲ್ಲಿ ಜಲ್ಲಿಕಲ್ಲಿನ ಗುಡ್ಡೆ ಇತ್ತು. ಹೊಸ್ತಿಲ ಕಲ್ಲು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರಲಿಲ್ಲ. ಊರಲ್ಲಿ ಮನೆ ಮನೆ ಕೇಳಿದಾಗ ಒಬ್ಬ ತಾಯಿಯ ಟ್ರಂಕಿನಲ್ಲಿ ಒಂದು ಮದುವೆ ಫೋಟೋ ಸಿಕ್ಕಿತು. ದಿಬ್ಬಣ ಗಾಡಿ ಇಳಿದು ನಿಂತಿದೆ, ಮದುಮಗನ ಹೆಗಲ ಹಿಂದೆ ಆ ಶೆಡ್ಡಿನ ಅರ್ಧ ಬಾಗಿಲು ಕಾಣುತ್ತದೆ. ಆ ಶೆಡ್ಡಿನ ಬಗ್ಗೆ ನಮ್ಮ ಹತ್ತಿರ ಇರುವುದು ಅಷ್ಟೇ. ಕೆಡವಿದವರನ್ನು ನಾವು ಬೈಯುವುದಿಲ್ಲ. ಜೋಡಿ ಹಳಿ ಬೇಕು, ಗಾಡಿ ಹೊತ್ತಿಗೆ ಬರಬೇಕು, ಅದು ನಮಗೂ ಬೇಕು. ಆದರೆ ಒಂದು ತಾಸು ಕೆಲಸವನ್ನು ನಾಳೆಗೆ ಹಾಕಿದವರು ನಾವೇ.

ಸಹಕಾರಿ ಸಂಘದ ಮಂದಿಗೆ ದಾಖಲೆ ಅಂದರೆ ಏನು ಅಂತ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ರೋಜಕೀರ್ದಿ, ಖತಾವಣಿ, ಠರಾವಿನ ಪುಸ್ತಕ ಇಲ್ಲದೆ ಸಂಘ ಒಂದು ದಿನ ನಡೆಯದು. ಇದೇ ಹಳೇ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅದು ಅಂತ ಇಂದಿಗೂ ನಾವು ಎದೆ ತಟ್ಟಿ ಹೇಳುವುದು ಅವರು ಬರೆದಿಟ್ಟ ಕಾಗದದ ಬಲದ ಮೇಲೆ. ಬರೆದಿಡದ ಕೊಡುಕೊಳ್ಳಿ ಮೂರನೇ ತಲೆಮಾರಿಗೆ ಜಗಳ ಆಗುತ್ತದೆ, ಬರೆದಿಡದ ಚರಿತ್ರೆ ಕಟ್ಟುಕತೆ ಆಗುತ್ತದೆ.

ಬರೀ ಕಲ್ಲು ಮಣ್ಣಿನ ಮಾತಲ್ಲ ಇದು. ಕುಂದಗೋಳದ ಸ್ಟೇಶನ್ನನ್ನೇ ತೆಗೆದುಕೊಳ್ಳಿ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಅಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಕುಂದಗೋಳಕರ ಸೌಂಶಿಯವರು ಮುಂದೆ ಸವಾಯಿ ಗಂಧರ್ವರಾದರು. ಅವರ ಹೆಸರಿನಲ್ಲೇ ಈ ದಾರಿಯ ಎರಡು ಸ್ಟೇಶನ್ನು ಅವ! ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಗಾಡಿ ಹತ್ತಿ ಕುಂದಗೋಳಕ್ಕೆ ಬಂದು ಗುರುಗಳ ಮುಂದೆ ಕೂತು ಕಲಿತು ಮತ್ತೆ ಗಾಡಿ ಹತ್ತಿ ಮನೆಗೆ ಹೋಗುತ್ತಿದ್ದರು. ಭೀಮಸೇನ ಜೋಶಿಯವರು ಹುಡುಗನಿದ್ದಾಗ 1933ರಲ್ಲಿ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ರೈಲಿನಲ್ಲೇ ದೇಶ ಸುತ್ತಿ, ಕೊನೆಗೆ ಗುರು ಸಿಕ್ಕದ್ದು ಇದೇ ಕುಂದಗೋಳದಲ್ಲಿ. ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮ್ ಖಾನರು 1937ರಲ್ಲಿ ಪಾಂಡಿಚೇರಿಗೆ ಹೊರಟವರು ದಾರಿಯಲ್ಲಿ ಒಂದು ಸಣ್ಣ ರೈಲ್ವೆ ಸ್ಟೇಶನ್ನಿನಲ್ಲಿ ಇಳಿದು ಅಲ್ಲೇ ದೇಹ ಬಿಟ್ಟರು. ಸಣ್ಣ ಸ್ಟೇಶನ್ನಿನ ಕಲ್ಲುಬೆಂಚು ಅಂದರೆ ಏನೇನು ನೋಡಿರಬಹುದು, ನೀವೇ ವಿಚಾರ ಮಾಡಿ.

ರೈತನಿಗೆ ಇದರಿಂದ ಲಾಭ ಏನು ಅಂತ ಕೇಳಬಹುದು. ಅದಕ್ಕೂ ಒಂದು ಉದಾಹರಣೆ ಹೇಳುತ್ತೇವೆ. ಹುಬ್ಬಳ್ಳಿ ಅಣ್ಣಿಗೇರಿ ನಡುವೆ ಹಳಿ ಬೆಣ್ಣಿಹಳ್ಳವನ್ನು ದಾಟುತ್ತದೆ. ಬೆಣ್ಣಿಹಳ್ಳ ಅಂದರೆ ಕುಂದಗೋಳ, ನವಲಗುಂದದ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ದಾರದಂತೆ, ಮಳೆಗಾಲದಲ್ಲಿ ಸಮುದ್ರದಂತೆ. ರೈಲ್ವೆಯವರು ಸೇತುವೆಯ ಕಂಬದ ಮೇಲೆ ಅತಿ ಹೆಚ್ಚು ನೆರೆ ಬಂದ ಮಟ್ಟಕ್ಕೆ ಗೆರೆ ಎಳೆದು ಇಸವಿ ಬರೆಯುವ ಪದ್ಧತಿ ಇದೆ. ಹಳೇ ಸೇತುವೆ ಕೆಡವಿದರೆ ಆ ಗೆರೆಯೂ ಹೋಯಿತು. ಮುಂದೆ ಯಾರಾದರೂ "ಇಲ್ಲಿತನಕ ನೀರು ಎಂದೂ ಬಂದಿಲ್ಲ, ಮನಿ ಕಟ್ರಿ" ಅಂದರೆ ತೋರಿಸಲು ಪುರಾವೆ ಏನು? ಒಂದು ಫೋಟೋ ಇದ್ದರೆ ಅದೇ ಸಾಕ್ಷಿ.

ಸರಕಾರ ಇವನ್ನೆಲ್ಲ ಕಾಯುವುದಿಲ್ಲವೇ? ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯಲ್ಲಿ ನೂರು ವರ್ಷ ದಾಟಿದ ಕಟ್ಟಡವನ್ನು ಸ್ಮಾರಕ ಅಂತ ಸಾರಲು ಅವಕಾಶ ಇದೆ, ಆದರೆ ವಯಸ್ಸಾಯಿತು ಅಂತ ತಾನಾಗಿಯೇ ಯಾವ ಕಟ್ಟಡಕ್ಕೂ ರಕ್ಷಣೆ ಸಿಗುವುದಿಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಆ ಭಾಗ್ಯ ಇದೆ, ಗ್ಯಾಂಗ್‌ಮನ್ನಿನ ಮನೆಗೆ ಇಲ್ಲ. ಡಾರ್ಜಿಲಿಂಗ್, ನೀಲಗಿರಿ, ಶಿಮ್ಲಾದ ಬೆಟ್ಟದ ರೈಲುಗಳು 1999ರಿಂದ 2008ರ ನಡುವೆ ವಿಶ್ವಪರಂಪರೆಯ ಪಟ್ಟಿ ಸೇರಿದವು, ಎರೆಭೂಮಿಯ ರೈಲನ್ನು ಯಾರು ಕೇಳಬೇಕು? ಹಾಗಂತ ಏನೂ ಆಗಿಲ್ಲ ಅಂತಲ್ಲ. ಹುಬ್ಬಳ್ಳಿಯಲ್ಲಿ 1907ರಲ್ಲಿ ಕಟ್ಟಿದ ರೈಲ್ವೆಯ ಎರಡು ಮನೆಗಳನ್ನು ದುರಸ್ತಿ ಮಾಡಿ, ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟು, 2020ರಲ್ಲಿ ರೈಲು ವಸ್ತು ಸಂಗ್ರಹಾಲಯ ತೆರೆದಿದ್ದಾರೆ. ಸಾಲಿ ಹುಡುಗರನ್ನು ಅಲ್ಲಿಗೆ ಕರಕೊಂಡು ಹೋಗಿರಿ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಮುಚ್ಚುವ ಸ್ಥಿತಿಗೆ ಬಂದ ಟಾಲಿಲಿನ್ ಎಂಬ ಸಣ್ಣ ರೈಲನ್ನು 1951ರಲ್ಲಿ ಸಾಮಾನ್ಯ ಮಂದಿಯೇ ಸಂಘ ಕಟ್ಟಿ ಉಳಿಸಿಕೊಂಡರು. ಸಂಘ ಅಂದ್ರ ಇಂಥಾದ್ದೂ ಆಗತದ.

ಬರೆದಿಡುವ ರೀತಿ ಸರಳ ಅದ. ಮೊದಲು ಸ್ಟೇಶನ್ ಮಾಸ್ತರರನ್ನು ಕಂಡು ಅನುಮತಿ ಕೇಳಬೇಕು. ಅನುಮತಿ ಇಲ್ಲದೆ ಹಳಿಯ ಮೇಲೆ ಹೋಗುವುದು 1989ರ ರೈಲ್ವೆ ಕಾಯಿದೆ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ. ಪ್ರತಿ ಕಟ್ಟಡಕ್ಕೆ ವಹಿಯಲ್ಲಿ ಒಂದು ಪುಟ ಮೀಸಲಿಡಬೇಕು: ಎಲ್ಲಿದೆ, ಉದ್ದ ಅಗಲ ಎತ್ತರ ಎಷ್ಟು, ಗೋಡೆ ಯಾತರದು, ಮಾಡು ಯಾತರದು, ಇಸವಿ ಕೆತ್ತಿದ್ದು ಇದೆಯೋ, ಈಗ ಯಾರು ಬಳಸುತ್ತಾರೆ. ನಾಲ್ಕೂ ದಿಕ್ಕಿನಿಂದ ಫೋಟೋ, ಪಕ್ಕದಲ್ಲಿ ಒಂದು ಅಳತೆಗೋಲು. ಆಮೇಲೆ ಹತ್ತಿರದ ಹಿರಿಯರ ಹೇಳಿಕೆ, ಅವರ ಮಾತಿನಲ್ಲೇ. ಕಂಡದ್ದನ್ನು ಕಂಡದ್ದು ಅಂತ, ಕೇಳಿದ್ದನ್ನು ಕೇಳಿದ್ದು ಅಂತ ಬೇರೆ ಬೇರೆ ಬರೆಯಬೇಕು, ಎರಡನ್ನೂ ಕಲಬೆರಕೆ ಮಾಡಬಾರದು. ತಾರೀಖು ಹಾಕಬೇಕು. ಪ್ರತಿ ಎರಡು ಮಾಡಿ ಒಂದನ್ನು ಊರ ಗ್ರಂಥಾಲಯದಲ್ಲಿ ಇಡಬೇಕು.

ಕೊನೆಯದಾಗಿ ತಂಬೂರಿನ ಮಾತು. ಹುಬ್ಬಳ್ಳಿ ಅಂಕೋಲಾ ರೈಲು ಮಾರ್ಗ 1997-98ರಲ್ಲಿ ಮಂಜೂರಾಯಿತು. ಕಲಘಟಗಿ ಸೀಮೆ ಹಾಯ್ದು ಕಿರವತ್ತಿ ಕಡೆಗೆ ಒಂದಿಷ್ಟು ಕೆಲಸ ಆಗಿ, ಕಾಡಿನ ಪ್ರಶ್ನೆ ಎದ್ದು ನಿಂತುಹೋಯಿತು. ಕಾಡು ಉಳಿಯಬೇಕು ಅನ್ನುವವರೂ, ರೈಲು ಬರಬೇಕು ಅನ್ನುವವರೂ ನಮ್ಮ ನಿಮ್ಮ ಮಂದಿಯೇ. ಆ ವಾದಕ್ಕೆ ನಾವು ಇಲ್ಲಿ ಕೈ ಹಾಕುವುದಿಲ್ಲ. ಆದರೆ ರೈಲು ಬರಲಿ, ರಸ್ತೆ ಅಗಲ ಆಗಲಿ, ಹಳೇ ಚಕ್ಕಡಿ ದಾರಿಯ ಬದಿಯ ಮೈಲುಗಲ್ಲು, ದನಕ್ಕೆ ನೀರು ಕುಡಿಸುವ ಕಲ್ಲಿನ ಬಾನಿ, ಹೊರೆ ಇಳಿಸುವ ಕಟ್ಟೆ, ದಾರಿಹೋಕರ ಬಾವಿ ಮೊದಲು ಹೋಗುತ್ತವೆ. ಕಲಘಟಗಿ ತೊಟ್ಟಿಲು ಅಂದರೆ ನಾಡೆಲ್ಲ ಹೆಸರು. ಆ ಬಣ್ಣದ ತೊಟ್ಟಿಲು ಯಾವ ದಾರಿ ಹಿಡಿದು ಯಾವ ಊರಿಗೆ ಹೋಗುತ್ತಿತ್ತು, ಚಕ್ಕಡಿ ಯಾರು ಹೊಡೆಯುತ್ತಿದ್ದರು, ಎಲ್ಲಿ ವಸ್ತಿ ಮಾಡುತ್ತಿದ್ದರು ಅನ್ನುವುದನ್ನು ಬಲ್ಲವರು ಊರೂರಿಗೆ ಎಷ್ಟು ಮಂದಿ ಉಳಿದಾರು? ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಆದ್ದರಿಂದ ಸಂಘದ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಬೆಳ್ಳಿಹಬ್ಬದ ನೆನಪಿಗೆ ಒಂದು ದಪ್ಪ ವಹಿ ಕೊಂಡು, 'ಊರ ದಾಖಲೆ' ಅಂತ ಹೆಸರು ಬರೆದು, ಠರಾವಿನ ಪುಸ್ತಕದ ಬಾಜೂಕ ಅದೇ ಕಪಾಟಿನಲ್ಲಿ ಇಡಿ. ವರ್ಷಕ್ಕೆ ಹತ್ತು ಪುಟ ತುಂಬಿದರೂ ಸುವರ್ಣ ಮಹೋತ್ಸವದ ಹೊತ್ತಿಗೆ ಇನ್ನೂರೈವತ್ತು ಪುಟ ಆಗುತ್ತದೆ. ಮೊದಲನೇ ಪುಟವನ್ನು ಇವತ್ತೇ ಬರೆಯಿರಿ. ಸಂಕ್ರಾಂತಿ ಆದ ಮೇಲೆ ನೋಡೋಣ ಅಂತ ಮಾತ್ರ ಅನ್ನಬೇಡಿ, ಆ ಮಾತಿನ ಬೆಲೆ ಎಷ್ಟು ಅಂತ ನಾವು ಕೊಟ್ಟು ತಿಳಿದಿದ್ದೇವೆ.