ಠಾಣೆಯಿಂದ ಕರೆ ಬಂದರೆ ಮೊದಲು ಕಾಗದ ಕೇಳಿ
(ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆಯ ವಿಚಾರ, ಸಾಲದ ವಿಚಾರ ನಮ್ಮ ಸಭೆಗಳಲ್ಲಿ ಸಾಕಷ್ಟು ಕೇಳಿದ್ದೀರಿ. ಇವತ್ತು ನಾನು ಮಾತಾಡೋದು ಪೊಲೀಸ್ ಠಾಣೆಯ ವಿಚಾರ. ಸಾಲಕ್ಕೂ ಠಾಣೆಗೂ ಏನು ಸಂಬಂಧ ಅಂತ ಕೇಳಬೇಡಿ. ಸಾಲ ಕೊಟ್ಟವನು ಮೊದಲು ಫೋನ್ ಮಾಡ್ತಾನೆ, ಆಮೇಲೆ ನಾಲ್ಕು ಜನರ ಎದುರು ಮನೆ ಮುಂದೆ ಬಂದು ನಿಲ್ತಾನೆ, ಅದಕ್ಕೂ ನಾವು ಬಗ್ಗದಿದ್ದರೆ ಠಾಣೆಗೆ ಹೋಗಿ ಒಂದು ಅರ್ಜಿ ಕೊಡ್ತಾನೆ. ಆಮೇಲೆ ಏನಾಗುತ್ತೆ ನಿಮಗೇ ಗೊತ್ತು. ಸಂಜೆ ಹೊತ್ತು ಹಾಲು ಕರೆಯೋ ಸಮಯಕ್ಕೆ ಪೇದೆ ಬೈಕಿನಲ್ಲಿ ಬರ್ತಾನೆ. "ಗೌಡ್ರೇ, ಸಾಹೇಬ್ರು ಕರೀತಾವ್ರೆ, ಒಂದ್ ಗಳಿಗೆ ಬಂದು ಹೋಗ್ಬೇಕಂತೆ" ಅಂತಾನೆ. ಯಾವ ಕೇಸು, ಯಾರು ದೂರು ಕೊಟ್ಟರು, ನನ್ನನ್ನು ಕರೀತಿರೋದು ಸಾಕ್ಷಿಯಾಗೋ ಕಳ್ಳನಾಗೋ, ಒಂದನ್ನೂ ನಾವು ಕೇಳೋದಿಲ್ಲ. ಪಂಚೆ ಬದಲಾಯಿಸಿ, ಟವೆಲ್ ಹೆಗಲಿಗೆ ಹಾಕಿ, ಊರಿನ ಪುಢಾರಿಯೊಬ್ಬನನ್ನು ಕರಕೊಂಡು ಹೊರಟೇ ಬಿಡ್ತೀವಿ. ಆ ಒಂದು ಗಳಿಗೆ ಕೆಲವರಿಗೆ ಎರಡು ರಾತ್ರಿ ಆಗಿದೆ.

ನಾನು ವಕೀಲನಲ್ಲ. ಊರಿನ ಹೈಸ್ಕೂಲಿನಲ್ಲಿ ಓದಿ ನೇಗಿಲು ಹಿಡಿದವನು. ಆದರೆ ರೈತರ ಪರವಾಗಿ ಠಾಣೆಯ ಜಗಲಿಯ ಮೇಲೆ ಕೂತು ಕೂತು ಒಂದು ವಿಷಯ ಮನವರಿಕೆಯಾಗಿದೆ. ಚಾರ್ಜ್‌ಷೀಟ್ ಹಾಕುವುದಕ್ಕೆ ಮುಂಚೆ ಪೊಲೀಸರಿಗೆ ಇರುವ ಅಧಿಕಾರವೆಲ್ಲ ಕಾಗದದ ಮೇಲೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಮಾತ್ರ ಅದೆಲ್ಲ ಬಾಯಿಮಾತಿನಲ್ಲೇ ನಡೆಯುತ್ತಿದೆ. ಪಹಣಿಯಲ್ಲಿ ಒಂದು ಗುಂಟೆ ಹೆಚ್ಚು ಕಡಿಮೆಯಾದರೆ ತಾಲ್ಲೂಕು ಕಚೇರಿಗೆ ಆರು ತಿಂಗಳು ಅಲೆಯುವ ನಾವು, ನಮ್ಮ ಮೈಯನ್ನೇ ಎಳೆದುಕೊಂಡು ಹೋಗುವಾಗ ಒಂದು ಚೀಟಿ ಕೇಳುವುದಿಲ್ಲವಲ್ಲ!

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಂಬರುಗಳು ಬದಲಾಗಿವೆ, ಹೂರಣ ಬಹುಪಾಲು ಹಳೆಯದೇ. ನಿಮ್ಮನ್ನು ಸಾಕ್ಷಿಯಾಗಿ ಕರೆಯುವುದಾದರೆ 179ನೇ ಕಲಂ. ಹಳೆಯ ವಕೀಲರು ಇನ್ನೂ 160 ಎನ್ನುತ್ತಾರೆ, ಎರಡೂ ಒಂದೇ. ಆ ಕರೆ ಲಿಖಿತವಾಗಿರಬೇಕು. ನೀವು ಆ ಠಾಣೆಯ ಸರಹದ್ದಿನವರೋ ಅದರ ಪಕ್ಕದ ಠಾಣೆಯ ಸರಹದ್ದಿನವರೋ ಆಗಿರಬೇಕು. ಅರವತ್ತು ದಾಟಿದವರನ್ನು, ಹೆಂಗಸರನ್ನು, ಹದಿನೈದು ತುಂಬದ ಹುಡುಗರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಸಾಕ್ಷಿ ಕೇಳಲು ಠಾಣೆಗೆ ಕರೆಸುವಂತೆಯೇ ಇಲ್ಲ. ಅವರಾಗಿಯೇ ಒಪ್ಪಿ ಹೋದರೆ ಬೇರೆ ಮಾತು. ಒಪ್ಪದಿದ್ದರೆ ಪೊಲೀಸರೇ ಮನೆಗೆ ಬಂದು ಕೇಳಬೇಕು. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಅರವತ್ತು ದಾಟಿದವರೇ. ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು?

ನಿಮ್ಮ ಮೇಲೆಯೇ ಆಪಾದನೆ ಇದ್ದರೆ 35ನೇ ಕಲಂ, ಅದರ ಮೂರನೆಯ ಉಪಕಲಂ. ಹಳೆಯದರಲ್ಲಿ 41-ಎ. ಬಂಧಿಸುವ ಅಗತ್ಯವಿಲ್ಲದ ಪ್ರಕರಣದಲ್ಲಿ ಇಂಥ ದಿನ ಇಂಥ ಕಡೆ ಹಾಜರಾಗು ಎಂದು ನೋಟೀಸು ಕೊಡಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆಯದೆ ಸುಮ್ಮನೆ ಎತ್ತಿ ಹಾಕಿಕೊಂಡು ಹೋಗಬಾರದೆಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಕಟ್ಟುನಿಟ್ಟಾಗಿ ಹೇಳಿತು. ಈ ನೋಟೀಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದೂ 2025ರ ಜನವರಿಯಲ್ಲಿ ಅದೇ ಕೋರ್ಟು ಹೇಳಿದೆ. ಹಾಗಂತ ವಾಟ್ಸಾಪ್ ನೋಡಿ ನಕ್ಕು ಮಲಗಬೇಡಿ, ಅದನ್ನು ಹಿಡಿದುಕೊಂಡು ವಕೀಲರ ಹತ್ತಿರ ಹೋಗಿ. ನೋಟೀಸು ಕೈಗೆ ಬಂದರೆ ಮಾತ್ರ ತಪ್ಪದೆ ಹೋಗಬೇಕು. ಹೋದವನನ್ನು ಕಾರಣ ಬರೆಯದೆ ಬಂಧಿಸುವಂತಿಲ್ಲ. ಹೋಗದೆ ತೋಟದ ಮನೆಯಲ್ಲಿ ಅಡಗಿ ಕೂತವನು ತಾನಾಗಿಯೇ ಪೊಲೀಸರ ಕೈಗೆ ಹಗ್ಗ ಕೊಟ್ಟ ಹಾಗೆ. ಇನ್ನೊಂದು ಹೊಸ ಅನುಕೂಲ ಇದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ, ಅರವತ್ತು ದಾಟಿದವರನ್ನಾಗಲಿ ಅಶಕ್ತರನ್ನಾಗಲಿ ಬಂಧಿಸಬೇಕಾದರೆ ಡಿವೈಎಸ್ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯ ಅಪ್ಪಣೆ ಬೇಕು.

ಇವೆರಡು ಕಾಗದದಲ್ಲಿ ಯಾವುದೂ ಇಲ್ಲದೆ ಕರೆದರೆ? ನಮ್ಮ ಪಾಲಿಗೆ ಹೆಚ್ಚು ಬರೋದು ಇದೇ. ಎಫ್‌ಐಆರ್ ಆಗಿರೋದಿಲ್ಲ, ಕೇಸೇ ಇರೋದಿಲ್ಲ, ಅರ್ಜಿ ವಿಚಾರಣೆ ಅನ್ನುತ್ತಾರೆ. ನನಗೆ ಗೊತ್ತಿರುವ ಒಬ್ಬ ರೈತ ಟ್ರ್ಯಾಕ್ಟರ್ ಸಾಲದ ಮೂರು ಕಂತು ಕಟ್ಟಲಾಗದೆ ಹೋದ. ಫೈನಾನ್ಸಿನವರ ಅರ್ಜಿಯ ಮೇಲೆ ಅವನನ್ನು ಬೆಳಗ್ಗಿನಿಂದ ರಾತ್ರಿಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಹೊರಬರುವಾಗ ಹತ್ತು ದಿನದಲ್ಲಿ ಹಣ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು, ಹೆಂಡತಿಯ ಓಲೆ ಅಡವಿಟ್ಟು ಕಟ್ಟಿದ. ಇದು ಯಾವ ಕಾನೂನು? ಸಾಲ ತೀರಿಸಲಾಗದ್ದು ಅಪರಾಧವಲ್ಲ, ಅದು ಸಿವಿಲ್ ಕೋರ್ಟಿನ ವ್ಯಾಜ್ಯ. ಸಾಲ ವಸೂಲಿ ಮಾಡಿಕೊಡೋದು ಪೊಲೀಸರ ಕೆಲಸವಲ್ಲ. ಬೌನ್ಸಾದ ಚೆಕ್ಕಿನ 138ನೇ ಕಲಮಿನ ದೂರು ಕೂಡ ಠಾಣೆಗೆ ಹೋಗುವಂಥದ್ದಲ್ಲ. ಅವನು ಮೊದಲು ನಿಮಗೆ ನೋಟೀಸು ಕೊಡಬೇಕು, ಹದಿನೈದು ದಿನದಲ್ಲಿ ನೀವು ಕಟ್ಟದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗಬೇಕು. ಬದುವಿನ ತಕರಾರಿನಲ್ಲಿ ಬೈದಾಡಿಕೊಂಡದ್ದು, ಗಾಯವಾಗದಂತೆ ನೂಕಾಡಿಕೊಂಡದ್ದು, ಇಂಥವು ಬಹುಮಟ್ಟಿಗೆ ಅಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ಅದರ ತನಿಖೆಯನ್ನೇ ಮಾಡುವಂತಿಲ್ಲ ಎಂದು 174ನೇ ಕಲಂ ಹೇಳುತ್ತದೆ.

ಆದರೆ ಒಂದು ಮಾತು ಕಟುವಾಗಿಯೇ ಹೇಳಬೇಕು. ಸಾಲದ ಮೇಲಿರುವ ಟ್ರ್ಯಾಕ್ಟರನ್ನು ಕದ್ದು ಮಾರಿದರೆ, ಸುಳ್ಳು ದಾಖಲೆ ಕೊಟ್ಟು ಸಾಲ ಎತ್ತಿದರೆ, ಅದು ಸಿವಿಲ್ ವ್ಯಾಜ್ಯವಾಗಿ ಉಳಿಯೋದಿಲ್ಲ. ಆಗ ನನ್ನ ಮಾತು ನಂಬಿಕೊಂಡು ಧೈರ್ಯವಾಗಿ ಕೂರಬೇಡಿ.

ಈ ಮುಚ್ಚಳಿಕೆ ಅನ್ನೋದರ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಶಾಂತಿಭಂಗವಾಗುವ ಭಯವಿದೆ ಎಂದು ಬಾಂಡ್ ಬರೆಸಿಕೊಳ್ಳುವುದು 126ನೇ ಕಲಂ, ಹಳೆಯ 107. ಅದನ್ನು ಬರೆಸಿಕೊಳ್ಳುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದು, ಹಳ್ಳಿಗಳ ಮಟ್ಟಿಗೆ ತಹಸೀಲ್ದಾರರದು. ಅವರು ಕೂಡ ನಿಮ್ಮ ಮೇಲೆ ಬಂದ ಮಾಹಿತಿ ಏನೆಂದು ಬರೆದು ತಿಳಿಸಿ, ನಿಮ್ಮ ಮಾತು ಕೇಳಿ, ವಿಚಾರಣೆ ನಡೆಸಬೇಕು. ಸಬ್ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು "ಬರ್ಕೊಟ್ಟು ಹೋಗಯ್ಯ" ಅಂದರೆ ಅದು ಆ ಬಾಂಡ್ ಅಲ್ಲ. ಆದರೆ ನಾಳೆ ಅದೇ ಹಾಳೆಯನ್ನು ಸಾಲಗಾರನ ವಕೀಲ ಸಿವಿಲ್ ಕೋರ್ಟಿನಲ್ಲಿ ತೋರಿಸಿ, ಸಾಲ ಒಪ್ಪಿಕೊಂಡಿದ್ದಾನೆ ನೋಡಿ ಅನ್ನುತ್ತಾನೆ. ಅದಕ್ಕೇ ಖಾಲಿ ಹಾಳೆಗೆ ರುಜು ಬೇಡ, ಓದಿಸಿಕೊಳ್ಳದ ಹಾಳೆಗೆ ಹೆಬ್ಬೆಟ್ಟು ಬೇಡ.

ಇನ್ನು ಅಲ್ಲಿ ಕೂತ ಮೇಲೆ ಏನು ಮಾತಾಡಬೇಕು? ನಾವು ಮಾತಿನ ಜನ. ಒಂದು ಪ್ರಶ್ನೆ ಕೇಳಿದರೆ ಅಜ್ಜನ ಕಾಲದ ಪಾಲುಪಾರೀಕತ್ತಿನಿಂದ ಶುರು ಮಾಡ್ತೀವಿ. ಕೇಳದೇ ಇದ್ದದ್ದನ್ನೂ ಹೇಳ್ತೀವಿ, ಪಕ್ಕದ ಮನೆಯವನ ಹೆಸರನ್ನೂ ಎಳೆದು ತರ್ತೀವಿ. ಕೇಳಿದ್ದಕ್ಕೆ ನಿಜ ಹೇಳಬೇಕೆಂದು 180ನೇ ಕಲಂ ಹೇಳುತ್ತದೆ. ಆದರೆ ಉತ್ತರದಿಂದ ನಿಮ್ಮ ಮೇಲೆಯೇ ಅಪರಾಧ ಬರುವಂತಿದ್ದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾಗಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಸಂವಿಧಾನದ 20ನೇ ವಿಧಿಯ ಮೂರನೆಯ ಉಪವಿಧಿಯೂ ಇದನ್ನೇ ಹೇಳುತ್ತದೆ. ಸುಳ್ಳು ಹೇಳುವುದು ಬೇರೆ, "ಇದಕ್ಕೆ ನಾನು ವಕೀಲರನ್ನು ಕೇಳಿ ಹೇಳುತ್ತೇನೆ" ಎಂದು ಸುಮ್ಮನಾಗುವುದು ಬೇರೆ.

ಈ ಹಕ್ಕನ್ನು ಪೊಲೀಸ್ ಠಾಣೆಯವರೆಗೂ ತಂದ ಪ್ರಕರಣ ಒಡಿಶಾದ್ದು. ಅಲ್ಲಿ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪಥಿಯವರನ್ನು ಅಧಿಕಾರ ಹೋದ ಮೇಲೆ, 1977ರಲ್ಲಿ, ಕಟಕ್‌ನ ವಿಜಿಲೆನ್ಸ್ ಠಾಣೆಗೆ ಕರೆಸಿ ಉದ್ದನೆಯ ಪ್ರಶ್ನೆಗಳ ಪಟ್ಟಿ ಕೈಗೆ ಕೊಟ್ಟರು. ಆಕೆ ಉತ್ತರಿಸುವುದಿಲ್ಲ ಎಂದರು. ಉತ್ತರ ಕೊಡಲಿಲ್ಲವೆಂದೇ ಆಕೆಯ ಮೇಲೆ ಮೊಕದ್ದಮೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಬಂತು. ಸುಮ್ಮನಿರುವ ಹಕ್ಕು ಕೋರ್ಟಿನ ಕಟಕಟೆಯಲ್ಲಿ ಮಾತ್ರವಲ್ಲ, ಪೊಲೀಸ್ ತನಿಖೆಯಲ್ಲೂ ಇದೆ. ಹೆಂಗಸನ್ನು ಠಾಣೆಗೆ ಕರೆಸಿದ್ದೇ ಕಾನೂನಿಗೆ ವಿರುದ್ಧ ಎಂದಿತು ಆ ತೀರ್ಪು. ಮುಖ್ಯಮಂತ್ರಿಯಾಗಿದ್ದವರಿಗೆ ಸಿಕ್ಕ ಹಕ್ಕು ಮೂರೆಕರೆ ರಾಗಿ ಹೊಲದವನಿಗೂ ಅಷ್ಟೇ ಸಲ್ಲುತ್ತದೆ. ಅವರಿಗೆ ಕೇಳೋದಕ್ಕೆ ಗೊತ್ತಿತ್ತು.

ತನಿಖೆಯಲ್ಲಿ ನಿಮ್ಮ ಹೇಳಿಕೆಯನ್ನು ಪೊಲೀಸರು ಬರೆದುಕೊಂಡರೆ ಅದಕ್ಕೆ ನಿಮ್ಮ ರುಜು ಹಾಕಿಸಬಾರದು ಎಂದೇ 181ನೇ ಕಲಂ ಇದೆ. ಪೊಲೀಸರ ಮುಂದೆ ತಪ್ಪೊಪ್ಪಿಗೆ ಕೊಟ್ಟರೂ ಕೋರ್ಟಿನಲ್ಲಿ ಅದು ನಿಮ್ಮ ವಿರುದ್ಧ ನಡೆಯುವುದಿಲ್ಲ. ಆದರೆ ನೀವು ಹೇಳಿದ ಕಡೆ ಹೋಗಿ ಮಚ್ಚೋ ದುಡ್ಡೋ ಸಿಕ್ಕಿತೆಂದರೆ ಅಷ್ಟು ಭಾಗ ಮಾತ್ರ ನಡೆಯುತ್ತದೆ. ನೋಟೀಸು ಮುಟ್ಟಿದ್ದಕ್ಕೆ ರುಜು ಹಾಕಬಹುದು, ತಾರೀಖು ಗಂಟೆ ಬರೆದು ಹಾಕಿ. ಪಂಚನಾಗಿ ಮಹಜರಿಗೆ ರುಜು ಹಾಕುವವನು ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾರೆಯೇ ಎಂದು ಓದಿ ಹಾಕಬೇಕು. ಪರಿಚಯದ ದಫೇದಾರರು ಕೇಳಿದರೆಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಪಂಚರಾದವರು ಆಮೇಲೆ ಕೋರ್ಟಿಗೆ ವರ್ಷಗಟ್ಟಲೆ ಅಲೆದಿದ್ದಾರೆ.

ಬಂಧಿಸಿಯೇ ಬಿಟ್ಟರೆ? 1994ರ ಜನವರಿಯಲ್ಲಿ ಉತ್ತರ ಪ್ರದೇಶದ ಗಾಜಿಯಾಬಾದ್‌ನಲ್ಲಿ ಜೋಗಿಂದರ್ ಕುಮಾರ್ ಎಂಬ ಎಳೆಯ ವಕೀಲರನ್ನು ವಿಚಾರಣೆಗೆಂದು ಕರೆಸಿ ಐದು ದಿನ ಇಟ್ಟುಕೊಂಡರು. ವಕೀಲನ ಗತಿಯೇ ಹೀಗಾದರೆ ನಮ್ಮದೇನು? ಬಂಧಿಸುವ ಅಧಿಕಾರ ಇದ್ದ ಮಾತ್ರಕ್ಕೆ ಬಂಧಿಸಬಾರದು, ಕಾರಣ ಇರಬೇಕು, ಮನೆಯವರಿಗೆ ತಿಳಿಸಬೇಕು ಎಂದು ಆ ವರ್ಷವೇ ಸುಪ್ರೀಂ ಕೋರ್ಟು ಹೇಳಿತು. 1996ರ ಡಿ. ಕೆ. ಬಸು ತೀರ್ಪು ಅದನ್ನು ವಿವರವಾಗಿ ಬರೆಯಿತು. ಈಗ ಅದು ಕಾನೂನಿನಲ್ಲೇ ಇದೆ. ಬಂಧಿಸಿದವನ ಎದೆಯ ಮೇಲೆ ಹೆಸರು ಕಾಣಬೇಕು. ಬಂಧನದ ಮೆಮೊ ಬರೆಯಬೇಕು, ಮನೆಯವರೋ ಊರಿನ ಮರ್ಯಾದಸ್ಥರೋ ಒಬ್ಬರು ಅದಕ್ಕೆ ಸಾಕ್ಷಿ ರುಜು ಹಾಕಬೇಕು, ನೀವೂ ಹಾಕಬೇಕು. ವೈದ್ಯರ ತಪಾಸಣೆ ಆಗಬೇಕು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಯಾಕೆ ಬಂಧಿಸಿದ್ದೇವೆ ಎಂಬುದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದೇ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೂಡಲೇ ಬರೆದು ಕೊಡಲಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಕೊಡಬೇಕು. ಕನ್ನಡದಲ್ಲಿ ಕೇಳಿ, ಸಂಕೋಚ ಬೇಡ.

ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಪ್ರಯಾಣದ ಹೊತ್ತು ಬಿಟ್ಟು. ಮೋಸ ನಡೆಯೋದು ಇಲ್ಲೇ. ಸೋಮವಾರ ಸಂಜೆ ಕರಕೊಂಡು ಹೋಗಿ ಬುಧವಾರ ಬೆಳಗ್ಗೆ ಬಂಧಿಸಿದ್ದೇವೆಂದು ಬರೆಯುತ್ತಾರೆ. ಅದಕ್ಕೆ ಮನೆಯವರು ಡೈರಿಯ ಹಾಲಿನ ಲೆಕ್ಕ ಬರೆದಿಡುವ ಹಾಗೆ ಇದನ್ನೂ ಬರೆದಿಡಬೇಕು: ಎಷ್ಟು ಗಂಟೆಗೆ ಬಂದರು, ಯಾರು ಬಂದರು, ಯಾವ ನಂಬರಿನ ಗಾಡಿ. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದೆ, ಆ ಗಂಟೆಯ ಚಿತ್ರ ತರಿಸಿ ಎಂದು ವಕೀಲರು ಕೋರ್ಟನ್ನು ಕೇಳಬಹುದು. ಎಫ್‌ಐಆರ್ ಆಗಿದ್ದರೆ ಅದರ ಪ್ರತಿಯನ್ನು ಆಪಾದಿತನೂ ಅರ್ಜಿ ಹಾಕಿ ಪಡೆಯಬಹುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂಬ ಆದೇಶ 2016ರಿಂದಲೇ ಇದೆ. ಓದಿದ ಮಕ್ಕಳಿಗೆ ಹೇಳಿ, ತೆಗೆದು ಕೊಡ್ತಾರೆ. ಮ್ಯಾಜಿಸ್ಟ್ರೇಟರು "ಪೊಲೀಸರಿಂದ ಏನಾದರೂ ತೊಂದರೆ ಆಯ್ತಾ?" ಎಂದು ಕೇಳಿದಾಗ, ಬೆನ್ನಿನ ಮೇಲೆ ಬಾಸುಂಡೆ ಇಟ್ಟುಕೊಂಡು "ಇಲ್ಲ ಸ್ವಾಮಿ" ಅಂತೀವಲ್ಲ, ಅದೊಂದು ಸಂಕಟ. ಹೇಳಬೇಕಾದ ಜಾಗ ಅದೇ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೂ ವಶದಲ್ಲಿರುವ ಯಾರಿಗೇ ಆಗಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಫೋನ್ 15100.

ತಾಯಂದಿರಿಗೆ ಒಂದು ಮಾತು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದಿರಬೇಕು. ಮಗ ಸಿಗಲಿಲ್ಲವೆಂದು ಅಪ್ಪನನ್ನು, ಗಂಡ ಸಿಗಲಿಲ್ಲವೆಂದು ಹೆಂಡತಿಯನ್ನು ಠಾಣೆಯಲ್ಲಿ ಕೂರಿಸುವ ಅಧಿಕಾರವನ್ನು ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ. ಹಾಗೆ ಕೂರಿಸಿದರೆ ಅದೇ ರಾತ್ರಿ ನಾಲ್ಕು ಜನ ಸೇರಿ ಎಸ್‌ಪಿ ಕಚೇರಿಗೆ ಬರೆದು ತಿಳಿಸಿ, ಅದರ ನಕಲು ಇಟ್ಟುಕೊಳ್ಳಿ.

ಕೊನೆಗೆ ಜೈಲಿಗೆ ಹೋದವರ ಮನೆಯವರು ಕ್ಯಾಲೆಂಡರ್ ನೋಡುತ್ತಿರಬೇಕಾದ ಒಂದು ಲೆಕ್ಕ ಇದೆ. ಮ್ಯಾಜಿಸ್ಟ್ರೇಟರು ಮೊದಲ ಸಲ ವಶಕ್ಕೆ ಒಪ್ಪಿಸಿದ ದಿನದಿಂದ ಅರವತ್ತು ದಿನದೊಳಗೆ ಚಾರ್ಜ್‌ಷೀಟ್ ಬರಬೇಕು. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ ತೊಂಬತ್ತು ದಿನ. ಅಷ್ಟರಲ್ಲಿ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಅದು ತಾನಾಗಿ ಬರೋದಿಲ್ಲ. ಅರ್ಜಿ ಹಾಕಬೇಕು, ಜಾಮೀನು ಒದಗಿಸಲು ಸಿದ್ಧರಿರಬೇಕು. ಅರ್ಜಿ ಹಾಕುವ ಮುಂಚೆಯೇ ಚಾರ್ಜ್‌ಷೀಟ್ ಕೋರ್ಟಿಗೆ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಅದಕ್ಕೆ ಐವತ್ತೊಂಬತ್ತನೆಯ ದಿನವೇ ವಕೀಲರ ಮನೆ ಬಾಗಿಲಲ್ಲಿ ನಿಂತಿರಿ.