ಬರೆದುಕೊಂಡ ಕುಣಿತ, ಬಿಟ್ಟುಹೋದ ವಾದ್ಯ

(ಬಜಪೆಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಬಜಪೆ ಎಂದೊಡನೆ ಹೊರಗಿನವರಿಗೆ ವಿಮಾನ ನೆನಪಾಗುತ್ತದೆ. ನಮಗೆ ಆ ವಿಮಾನದಿಂದ ಇಳಿದು ಬರುವ ಮದುವೆಯ ನೆಂಟರು ನೆನಪಾಗುತ್ತಾರೆ. ಕ್ರೈಸ್ತರ ಮನೆಯಲ್ಲಿ ಮದುವೆಯ ಮುನ್ನಾದಿನ ರೋಸ್. ತೆಂಗಿನ ಹಾಲು ಹಚ್ಚುವಾಗ ವೊವಿಯೊ ಹಾಡು, ಗುಮಟೆಯ ಪೆಟ್ಟು. ಮರುದಿನ ಸಭಾಭವನದಲ್ಲಿ ಬ್ಯಾಂಡು, ವಾಲ್ಟ್ಸ್, ಬಾಯ್ಲಾ. ಮೊದಲಿನದು ನಮ್ಮದು, ಎರಡನೆಯದು ಇಂಗ್ಲಿಷರದು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಇಂಗ್ಲಿಷರ ಹಳ್ಳಿಯ ಕುಣಿತದ ಕಥೆಯೇ ಬೇರೆ.

1899ರ ಡಿಸೆಂಬರ್ 26. ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್‌ನಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ಕಿಟಕಿಯಿಂದ ಹೊರಗೆ ನೋಡಿದರು. ಬಿಳಿ ಬಟ್ಟೆ ತೊಟ್ಟು, ಕಾಲಿಗೆ ಗೆಜ್ಜೆ ಕಟ್ಟಿದ ಗಂಡಸರು ಮಾರಿಸ್ ಎಂಬ ಕುಣಿತ ಕುಣಿಯುತ್ತಿದ್ದರು. ಅದು ಪೆಂತೆಕೋಸ್ತ್ ಹಬ್ಬದ ಕುಣಿತ. ಚಳಿಗೆ ಕಟ್ಟಡದ ಕೆಲಸ ನಿಂತು ಕೈಯಲ್ಲಿ ಕಾಸಿಲ್ಲದ್ದರಿಂದ ಕ್ರಿಸ್‌ಮಸ್‌ಗೇ ಹೊರಟಿದ್ದರು. ಕಾನ್ಸರ್ಟಿನಾ ನುಡಿಸಿದವನು ವಿಲಿಯಂ ಕಿಂಬರ್, ಇಟ್ಟಿಗೆ ಕಟ್ಟುವ ಗಾರೆಯವನು. ಶಾರ್ಪ್ ಮರುದಿನವೇ ಅವನನ್ನು ಕರೆಸಿ ಧಾಟಿಗಳನ್ನು ಬರೆದುಕೊಂಡರು. 1911ರಲ್ಲಿ ಇಂಗ್ಲಿಷ್ ಜಾನಪದ ನೃತ್ಯಕ್ಕಾಗಿ ಸಂಘವನ್ನೇ ಕಟ್ಟಿದರು. ಹೋಳಿಯ ದಿನಗಳಲ್ಲಿ ಗುಮಟೆ ಹಿಡಿದು ಮನೆಮನೆಗೆ ಬರುವ ನಮ್ಮ ಕುಡುಬಿಯರನ್ನು ಕಂಡವರಿಗೆ ಹೆಡಿಂಗ್ಟನ್ ದೂರದ ಊರು ಅನಿಸಲಾರದು.

1916ರಿಂದ 1918ರವರೆಗೆ ಶಾರ್ಪ್ ಮತ್ತು ಮಾಡ್ ಕಾರ್ಪೆಲಿಸ್ ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಅಲೆದು ಒಂದೂವರೆ ಸಾವಿರಕ್ಕೂ ಮಿಕ್ಕಿದ ಧಾಟಿಗಳನ್ನು ಸಂಗ್ರಹಿಸಿದರು. ಕೆಂಟಕಿಯಲ್ಲಿ ಜೋಡಿಗಳು ಕುಣಿಯುವಾಗ ಒಬ್ಬ ಮುಂದಿನ ಹೆಜ್ಜೆಯನ್ನು ಕೂಗಿ ಹೇಳುತ್ತಿದ್ದ. ಶಾರ್ಪ್‌ಗೆ ಸಂತೋಷವೋ ಸಂತೋಷ. ಇದು 1651ರಲ್ಲಿ ಪ್ಲೇಫರ್ಡ್ ಅಚ್ಚು ಹಾಕಿಸಿದ ಕುಣಿತಗಳಿಗಿಂತಲೂ ಹಳೆಯದು, ಅಪ್ಪಟ ಇಂಗ್ಲಿಷ್ ಎಂದರು. ಇಲ್ಲಿ ಅವರು ಎಡವಿದರು. ಹಾಗೆ ಕೂಗಿ ಹೇಳುವ ಪದ್ಧತಿಯನ್ನು ಬೆಳೆಸಿದವರಲ್ಲಿ ಬಿಳಿಯರ ಕೂಟಗಳಿಗೆ ಪಿಟೀಲು ನುಡಿಸುತ್ತಿದ್ದ ಕರಿಯ ವಾದಕರು ಮುಖ್ಯರೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಬ್ಯಾಂಜೋ ವಾದ್ಯದ ಮೂಲವಂತೂ ಆಫ್ರಿಕ. ಇಂಗ್ಲಿಷಿನದನ್ನು ಹುಡುಕಲು ಹೋದವರ ಪುಸ್ತಕದಲ್ಲಿ ಇವರಿಗೆ ಜಾಗ ಸಿಗಲಿಲ್ಲ. ಶಾರ್ಪ್ ಬರೆದಿಡದಿದ್ದರೆ ಎಷ್ಟೋ ಧಾಟಿಗಳು ಉಳಿಯುತ್ತಿರಲಿಲ್ಲ ಎಂಬುದೂ ನಿಜವೇ.

ನಮ್ಮಲ್ಲೂ ಅಷ್ಟೇ. ಬಾಯ್ಲಾ ಎಂಬ ಹೆಸರು ಪೋರ್ಚುಗೀಸರದು. ಶ್ರೀಲಂಕಾದಲ್ಲಿ ಅದೇ ಹೆಸರಿನ ಹಾಡಿಗೆ ಆಫ್ರಿಕದವರ ತಾಳ ಸೇರಿದೆ. ಗುಮಟೆ ಕ್ರೈಸ್ತರ ರೋಸ್‌ಗೂ ಬೇಕು, ಕುಡುಬಿಯರ ಹೋಳಿಗೂ ಬೇಕು. ಗೋವಾ ಸರಕಾರ 2019ರಲ್ಲಿ ಅದನ್ನು ತನ್ನ ಪರಂಪರೆಯ ವಾದ್ಯವೆಂದು ಸಾರಿತು. ಹಿಂದೆ ಮಡಕೆಯ ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ಅಪರಾಧ. ಈಗ ಆಡಿನ ಚರ್ಮ. ನಾದ ಬದಲಾಯಿತೆಂದು ಹಿರಿಯರು ಗೊಣಗಿದರೂ ಉಡ ಉಳಿಯಿತಲ್ಲ!

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಎಲ್ಲರೂ ಶಾರ್ಪ್‌ಗಳೇ. ಆದರೆ ನಾವು ಹಿಡಿಯುವ ಚಿತ್ರದಲ್ಲಿ ಮದುಮಗಳಿರುತ್ತಾಳೆ, ಹಾಡುವವರಿರುತ್ತಾರೆ. ಮೂಲೆಯಲ್ಲಿ ಗುಮಟೆ ಬಾರಿಸುವವರ ಕೈ ಮಾತ್ರ ಕಾಣುತ್ತದೆ. ಕಿಂಬರ್‌ನ ಹೆಸರು ಇವತ್ತಿಗೂ ನಮಗೆ ಗೊತ್ತು. ಈ ಕೈ ಯಾರದೆಂದು ಕೇಳಿದರೆ ಮದುವೆಮನೆಯವರೂ ಯೋಚಿಸಬೇಕಾಗುತ್ತದೆ.

ಇನ್ನು ಹೆಚ್ಚು ಕೊರೆಯುವುದಿಲ್ಲ. ಚರ್ಮ ಬಿಗಿಯಾಗಲೆಂದು ಗುಮಟೆಗಳನ್ನು ಅಂಗಳದ ಬಿಸಿಲಿಗಿಟ್ಟಿದ್ದಾರೆ. ಅವುಗಳನ್ನು ತಂದವರು ದಯವಿಟ್ಟು ವೇದಿಕೆಗೆ ಬಂದು, ಮೊದಲು ತಮ್ಮ ಹೆಸರು ಹೇಳಬೇಕು.