ನನ್ನ ಅಳತೆಯ ಸ್ಕೂಬಾ ಜಾಕೆಟ್

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಫೋಟೊಗಳನ್ನು ನಮ್ಮ ವಾಟ್ಸಪ್ ಗುಂಪಿಗೆ ಹಾಕಿದಾಗ, ಮೀನುಗಳ ಬಗ್ಗೆ ಕೇಳುತ್ತೀರಿ ಅಂದುಕೊಂಡಿದ್ದೆ. ಬಂದ ಪ್ರಶ್ನೆಗಳೇ ಬೇರೆ. "ಮೈಮೇಲೆ ಅದೇನು ಕಟ್ಟಿಕೊಂಡಿದ್ದೀ?", "ಅದು ಇದ್ದರೆ ಮುಳುಗೋದಿಲ್ಲವಾ?", "ಈಜು ಬಾರದವರಿಗೂ ಸಾಕಾ?" ನಮ್ಮಲ್ಲೇ ಮೂವರು ಮಳೆಗಾಲ ಮುಗಿದ ಮೇಲೆ ಸ್ಕೂಬಾ ಕಲಿಯಲು ಹೊರಟಿದ್ದಾರೆ. ಒಬ್ಬರಂತೂ ಈಗಾಗಲೇ ಆನ್‌ಲೈನ್‌ನಲ್ಲಿ ಆ ಜಾಕೆಟ್ ನೋಡಿ ಕಾರ್ಟ್‌ಗೆ ಹಾಕಿಟ್ಟಿದ್ದಾರೆ. ಅವರು ದುಡ್ಡು ಕಟ್ಟುವ ಮೊದಲು ನಾಲ್ಕು ಮಾತು ಹೇಳಿಬಿಡೋಣ ಅಂತ ಈ ವಿಷಯ ಆರಿಸಿಕೊಂಡೆ.

ಅದರ ಹೆಸರು ಬಿಸಿಡಿ, ಅಂದರೆ ಬಾಯನ್ಸಿ ಕಂಟ್ರೋಲ್ ಡಿವೈಸ್. ತೇಲುವಿಕೆಯನ್ನು ಹತೋಟಿಯಲ್ಲಿಡುವ ಸಾಧನ. ದೋಣಿಯ ಮೇಲೆ ಎಲ್ಲರೂ ಜಾಕೆಟ್ ಅನ್ನುವುದರಿಂದ ನಾನೂ ಹಾಗೇ ಅನ್ನುತ್ತೇನೆ. ನೋಡಲು ತೋಳಿಲ್ಲದ ದಪ್ಪ ಕೋಟು. ಒಳಗೆ ಗಾಳಿಚೀಲ, ಬೆನ್ನ ಹಿಂದೆ ಸಿಲಿಂಡರ್ ಬಿಗಿಯುವ ಪಟ್ಟಿ. ಎಡಭುಜದಿಂದ ಒಂದು ಕೊಳವೆ ಇಳಿದಿರುತ್ತದೆ, ಅದರ ತುದಿಯಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಸಿಲಿಂಡರಿನ ಗಾಳಿ ಚೀಲಕ್ಕೆ ಹೋಗುತ್ತದೆ, ಇನ್ನೊಂದನ್ನು ಒತ್ತಿದರೆ ಹೊರಗೆ ಬರುತ್ತದೆ. ಭುಜದ ಹತ್ತಿರ, ಸೊಂಟದ ಹಿಂದೆ ಗಾಳಿ ಬಿಡುವ ವಾಲ್ವ್‌ಗಳಿರುತ್ತವೆ.

ಊರಲ್ಲಿ ನಮ್ಮ ಅಜ್ಜನ ಕಾಲದವರು ಬಾವಿಯಲ್ಲಿ ಈಜು ಕಲಿಯುವಾಗ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ಇದು ಆ ಜಾತಿಯದ್ದಲ್ಲ. ಲೈಫ್ ಜಾಕೆಟ್ಟೂ ಅಲ್ಲ. ಎಚ್ಚರ ತಪ್ಪಿದವರ ಮುಖವನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತದೆ ಎಂಬ ಭರವಸೆ ಇದರಲ್ಲಿಲ್ಲ. ಈಜಿನ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಓಪನ್ ವಾಟರ್ ಕೋರ್ಸಿನಲ್ಲಿ 200 ಮೀಟರ್ ಈಜಬೇಕು, 10 ನಿಮಿಷ ಏನೂ ಹಿಡಿಯದೆ ತೇಲಬೇಕು. ಜಾಕೆಟ್ ಅದಕ್ಕೆ ಬದಲಿ ಅಲ್ಲ.

ಹಾಗಾದರೆ ಅದರ ಕೆಲಸ ಏನು? ಹೈಸ್ಕೂಲಿನ ಬಾಯ್ಲ್ ನಿಯಮ ನೆನಪಿದೆಯಾ? ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹೊಸದಾಗಿ ಕಲಿತವರ ಮಿತಿ 18 ಮೀಟರ್. ಅಲ್ಲಿ ಒತ್ತಡ ಮೇಲಿನದರ 2.8 ಪಟ್ಟು. ಅಲ್ಲಿ ಜಾಕೆಟ್ಟಿಗೆ ಒಂದು ಲೀಟರ್ ಗಾಳಿ ತುಂಬಿ, ಬಿಡದೆ ಮೇಲೆ ಬಂದರೆ ಅದು 2.8 ಲೀಟರ್ ಆಗಿ ಊದಿರುತ್ತದೆ.

ನಾನು ಎಂ.ಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವಳು, ಹಾಗಾಗಿ ಇದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ನೀರಿನ ನಡುವೆ ತೇಲದೆ ಮುಳುಗದೆ ನಿಂತಿದ್ದೀರಿ ಅನ್ನಿ. ಒಂದಿಷ್ಟು ಮೇಲೆ ಸರಿದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಇನ್ನಷ್ಟು ಮೇಲೆ ಎಳೆಯುತ್ತದೆ. ಕೆಳಗೆ ಸರಿದರೆ ಕುಗ್ಗುತ್ತದೆ, ಇನ್ನಷ್ಟು ಕೆಳಗೆ ಇಳಿಸುತ್ತದೆ. ಬೋರಲು ಹಾಕಿದ ಬೋಗುಣಿಯ ಮೇಲೆ ಗೋಲಿ ಇಟ್ಟಂತೆ. ಯಾವ ಕಡೆ ಜಾರಿದರೂ ತಾನಾಗಿ ವಾಪಸ್ ಬರುವುದಿಲ್ಲ, ನೀವೇ ಹಿಡಿಯಬೇಕು. ಉಸಿರು ಹಿಡಿದು ವೇಗವಾಗಿ ಮೇಲೆ ಬಂದರೆ ಶ್ವಾಸಕೋಶದ ಗಾಳಿಯೂ ಹೀಗೇ ಹಿಗ್ಗುತ್ತದೆ, ಜೀವಕ್ಕೆ ಅಪಾಯ. ಆದ್ದರಿಂದ ಜಾಕೆಟ್ ಕೊಳ್ಳುವಾಗ ಎಲ್ಲರೂ ಕೇಳುವ "ಎಷ್ಟು ಎತ್ತುತ್ತದೆ?" ಅನ್ನುವ ಪ್ರಶ್ನೆಗಿಂತ "ಎಷ್ಟು ಬೇಗ, ಎಷ್ಟು ಪೂರ್ತಿಯಾಗಿ ಗಾಳಿ ಬಿಡಬಹುದು?" ಅನ್ನುವುದು ನನಗೆ ದೊಡ್ಡದು.

ಎತ್ತುವ ಶಕ್ತಿಯ ಲೆಕ್ಕ ನೋಡಿ. ನಮ್ಮ ಬೆಚ್ಚಗಿನ ಸಮುದ್ರಕ್ಕೆ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಸಾಕು. ಆಳದಲ್ಲಿ ಅದು ಹಿಂಡಿಕೊಂಡಾಗ ಕಳೆದುಕೊಳ್ಳುವ ತೇಲುವಿಕೆ ಅಬ್ಬಬ್ಬಾ ಅಂದರೆ ಎರಡು ಕಿಲೊ. ತುಂಬಿದ ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರಿನಲ್ಲಿರುವ ಗಾಳಿಯ ತೂಕ ಎರಡೂವರೆ ಕಿಲೊ ಆಸುಪಾಸು. (ಗಾಳಿಗೂ ತೂಕವಾ ಅಂತ ನಮ್ಮತ್ತೆ ನಕ್ಕಿದ್ದರು. ಇದೆ ಅತ್ತೆ.) ಮೇಲೆ ಬಂದಾಗ ತಲೆ, ಭುಜ ನೀರಿನ ಹೊರಗೆ ನಿಲ್ಲಲು ಇನ್ನೊಂದಿಷ್ಟು ಸೇರಿಸಿ. 10-12 ಕಿಲೊ ಎತ್ತುವ ಜಾಕೆಟ್ ಇಲ್ಲಿಗೆ ಧಾರಾಳ. ಅದರ ಎರಡು ಪಟ್ಟು ಎತ್ತುತ್ತದೆ ಅಂತ ಹೊಗಳಿ ಮಾರಿದರೆ, ದೊಡ್ಡ ಚೀಲದ ಮಡಿಕೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನೂ ನೆನಪಿಡಿ.

ಸೀಸದ ತೂಕವೂ ಇದರ ಜೊತೆಗೇ ಬರುತ್ತದೆ. ಹೊಸಬರಿಗೆ ಬೇಗ ಇಳಿಯಲಿ ಅಂತ ಒಂದೆರಡು ಕಿಲೊ ಜಾಸ್ತಿಯೇ ಕಟ್ಟಿಬಿಡುತ್ತಾರೆ. ಎರಡು ಕಿಲೊ ಜಾಸ್ತಿಯಾದರೆ ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಎರಡು ಲೀಟರ್ ಗಾಳಿ ಜಾಸ್ತಿ ತುಂಬಬೇಕು. 10 ಮೀಟರಿನಲ್ಲಿ ತುಂಬಿದ ಆ ಎರಡು ಲೀಟರ್ ಮೇಲ್ಮೈಗೆ ಬರುವಷ್ಟರಲ್ಲಿ ನಾಲ್ಕು. ಗೋಲಿ ಜಾರುವುದು ಇಲ್ಲೇ. ಪರೀಕ್ಷೆ ಸುಲಭ: ಡೈವ್ ಮುಗಿಯುವ ಹೊತ್ತಿಗೆ, ಸಿಲಿಂಡರಿನಲ್ಲಿ ಸ್ವಲ್ಪವೇ ಗಾಳಿ ಉಳಿದಿರುವಾಗ, ಜಾಕೆಟ್ ಪೂರ್ತಿ ಖಾಲಿ ಮಾಡಿ ಮೇಲ್ಮೈಯಲ್ಲಿ ನೆಟ್ಟಗೆ ನಿಂತು ಸಾಮಾನ್ಯ ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ಕೊಳದಲ್ಲಿ ಸರಿಹೋದ ತೂಕ ಸಮುದ್ರಕ್ಕೆ ಸಾಲದು. ಉಪ್ಪುನೀರು ಸುಮಾರು ಶೇಕಡ 2.5ರಷ್ಟು ಭಾರ, ಹಾಗಾಗಿ ಅದು ನಮ್ಮನ್ನು ಹೆಚ್ಚು ಎತ್ತುತ್ತದೆ.

ಈಗ ಬಗೆಗಳು. 1960ರ ದಶಕದಲ್ಲಿ ಕುತ್ತಿಗೆಗೆ ನೇತುಹಾಕಿಕೊಳ್ಳುವ ಕುದುರೆ ಕೊರಳಪಟ್ಟಿಯಂಥ ಚೀಲಗಳಿದ್ದವು. ತೊಡುವ ಜಾಕೆಟ್ 1970ರ ದಶಕದ್ದು. ಇವತ್ತು ಬಾಡಿಗೆಗೆ ಸಿಗುವುದು ಹೆಚ್ಚಾಗಿ ಈ ಜಾಕೆಟ್ ಬಗೆಯೇ. ಗಾಳಿ ಪಕ್ಕೆ, ಬೆನ್ನು ಎಲ್ಲ ಕಡೆ ತುಂಬುತ್ತದೆ. ಮೇಲ್ಮೈಯಲ್ಲಿ ನೆಟ್ಟಗೆ ಕೂರಿಸಿದಂತೆ ಹಿಡಿಯುತ್ತದೆ, ಹೊಸಬರಿಗೆ ಧೈರ್ಯ. ಆದರೆ ಪೂರ್ತಿ ಊದಿದಾಗ ಕೆಲವು ಜಾಕೆಟ್‌ಗಳು ಪಕ್ಕೆಲುಬು ಹಿಂಡುತ್ತವೆ. ಎರಡನೆಯದು ಬೆನ್ನಿಗೆ ಮಾತ್ರ ಗಾಳಿ ತುಂಬುವುದು. ಎದೆಯ ಭಾಗ ಆರಾಮ, ನೀರಿನಡಿ ಅಡ್ಡಲಾಗಿ ಮೀನಿನಂತೆ ಮಲಗಬಹುದು. ಮೇಲ್ಮೈಯಲ್ಲಿ ಜಾಸ್ತಿ ಊದಿದರೆ ಮುಂದಕ್ಕೆ ಬಾಗಿಸುತ್ತದೆ ಅನ್ನುವ ದೂರು ಇದೆ, ಸ್ವಲ್ಪ ಹಿಂದಕ್ಕೆ ಒರಗಿದರೆ ಸರಿಹೋಗುತ್ತದೆ. ಮೂರನೆಯದು ಲೋಹದ ಬೆನ್ನುಹಲಗೆ, ಪಟ್ಟಿಗಳು, ಹಿಂದೆ ರೆಕ್ಕೆಯಂಥ ಚೀಲ. ಪಟ್ಟಿಯನ್ನು ನಮ್ಮ ಅಳತೆಗೆ ಹೊಂದಿಸಿಕೊಳ್ಳಬಹುದಾದ್ದರಿಂದ ಯಾವ ಮೈಕಟ್ಟಿಗೂ ಕೂರುತ್ತದೆ. ಹೊಂದಿಸಲು ಮಾತ್ರ ತಿಳಿದವರು ಪಕ್ಕದಲ್ಲಿರಬೇಕು.

ಬಗೆ ಯಾವುದಾದರೂ ಆಗಲಿ, ಅಳತೆ ಮುಖ್ಯ. ಹೆಣ್ಣುಮಕ್ಕಳಿಗೆ ಪೆಟ್ಟು ಬೀಳುವುದು ಇಲ್ಲೇ. ಬ್ಲೌಸಿನ ಕಂಕುಳಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಟೈಲರ್ ಹತ್ತಿರ ಮೂರು ಸಲ ಹೋಗುವವರು ನಾವು. ಅದೇ ದೋಣಿಯ ಮೇಲೆ ಬೇರೆಯವರ ಅಳತೆಯ ಜಾಕೆಟ್ ಕೊಟ್ಟರೆ "ಪರವಾಗಿಲ್ಲ" ಅಂದುಬಿಡುತ್ತೇವೆ.

ಒಂದು ಕಡೆ ನನಗೆ ಕೊಟ್ಟದ್ದು ಗಂಡಸರ ಲಾರ್ಜ್. ಚಿಕ್ಕದು ಕೊಡಿ ಅಂದೆ. "ಇರೋದು ಇದೇ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಪಟ್ಟಿಗಳನ್ನೆಲ್ಲ ಕೊನೆಯ ತನಕ ಎಳೆದರೂ ಭುಜದಲ್ಲಿ ಎರಡು ಬೆರಳು ಜಾಗ. ಕೆಳಗೆ ಸಿಲಿಂಡರ್ ಎಡಕ್ಕೆ ಬಲಕ್ಕೆ ವಾಲಾಡಿತು. ಮೇಲೆ ಬಂದಾಗ ಅಲೆ ಇತ್ತು. ಗಾಳಿ ತುಂಬಿದ ತಕ್ಷಣ ಜಾಕೆಟ್ ಕಿವಿಯ ತನಕ ಏರಿ, ನಾನು ಅದರೊಳಗೆ ಆಮೆಯ ಹಾಗೆ ಕುಸಿದೆ. ಗಲ್ಲ ನೀರಲ್ಲಿ, ಪಕ್ಕಕ್ಕೆ ತಿರುಗಿ ದೋಣಿ ಎಲ್ಲಿದೆ ಅಂತ ನೋಡಲೂ ಆಗದು. ರೆಗ್ಯುಲೇಟರ್ ಬಾಯಲ್ಲೇ ಇಟ್ಟುಕೊಂಡಿದ್ದೆ, ಅದಕ್ಕೇ ನೀರು ಕುಡಿಯಲಿಲ್ಲ. ಆ ದಿನದ ಎರಡನೇ ಡೈವ್‌ಗೆ ನಾನು ಇಳಿಯಲಿಲ್ಲ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. "ಹೆದರಿಬಿಟ್ರಾ?" ಅಂತ ದೋಣಿಯಲ್ಲಿದ್ದ ಒಬ್ಬರು ಕೇಳಿದರು. ಹೌದು, ಹೆದರಿದೆ, ಹೆದರಲು ಸರಿಯಾದ ಕಾರಣ ಇತ್ತು.

ಆದ್ದರಿಂದ ಬಾಡಿಗೆಯದಾಗಲಿ ಹೊಸದಾಗಲಿ ಹೀಗೆ ನೋಡಿ. ವೆಟ್‌ಸೂಟ್ ಮೇಲೆ ತೊಟ್ಟು, ಪಟ್ಟಿ ಬಿಗಿದು, ಪೂರ್ತಿ ಊದಿಸಿ. ಎದೆ ತುಂಬ ಉಸಿರಾಡಲು ಆಗಬೇಕು. ಜೊತೆಗಿರುವವರು ಭುಜದ ಪಟ್ಟಿ ಹಿಡಿದು ಮೇಲೆ ಎಳೆಯಲಿ; ಕಿವಿ ಕಡೆಗೆ ಏರಿದರೆ ಅದು ನಿಮ್ಮದಲ್ಲ. ಹೆಂಗಸರ ವಿನ್ಯಾಸದಲ್ಲಿ ಬೆನ್ನಿನ ಉದ್ದ ಕಡಿಮೆ, ಭುಜದ ಪಟ್ಟಿ ಎದೆಯನ್ನು ಬಳಸಿ ಬಾಗಿರುತ್ತದೆ. ಎತ್ತರದವರಿಗೆ ಗಂಡಸರ ಸ್ಮಾಲ್ ಚೆನ್ನಾಗಿ ಕೂರಬಹುದು, ಲೇಬಲ್ ನೋಡಿ ತೀರ್ಮಾನಿಸಬೇಡಿ. ಎದೆಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಬರುತ್ತದೆಯಾ ನೋಡಿ. ಆಮೇಲೆ ಕಣ್ಣು ಮುಚ್ಚಿ. ಎರಡೂ ಗುಂಡಿ, ಎಲ್ಲ ವಾಲ್ವ್‌ಗಳ ದಾರ, ತೂಕ ಬಿಡಿಸುವ ಹಿಡಿ, ಬಕಲ್ ಕೈಗೆ ಸಿಗಬೇಕು. ಗಾಳಿ ತುಂಬುವ ಗುಂಡಿ ಸಿಕ್ಕಿಕೊಂಡರೆ ಕೊಳವೆಯ ಜೋಡಣೆ ಕಳಚಿ, ಗಾಳಿ ಬಿಡಬೇಕು. ಆ ಜೋಡಣೆ ನಿಮ್ಮ ಬೆರಳಿಗೆ ಕಳಚಿ ಬರುತ್ತದೆಯೋ ಇಲ್ಲವೋ ದಡದಲ್ಲೇ ನೋಡಿ.

ಕಾರ್ಟ್‌ಗೆ ಹಾಕಿಟ್ಟವರಿಗೆ ನನ್ನ ಸಲಹೆ: ಈಗಲೇ ಬೇಡ. ಮೊದಲು ಮುಖಕ್ಕೆ ಕೂರುವ ಮಾಸ್ಕ್ ಕೊಳ್ಳಿ. ಬಾಡಿಗೆಯಲ್ಲಿ ಹತ್ತು ಹದಿನೈದು ಡೈವ್ ಮಾಡಿ, ಎರಡು ಬಗೆಯನ್ನೂ ತೊಟ್ಟು ನೋಡಿ. ಆಮೇಲೂ ವರ್ಷಕ್ಕೆ ಒಂದೇ ಸಲ ನೇತ್ರಾಣಿಗೋ ಅಂಡಮಾನಿಗೋ ಹೋಗುವವರಾದರೆ ಬಾಡಿಗೆಯೇ ಲಾಭ. ಅಳತೆಯನ್ನು ಮೊದಲೇ ಫೋನಿನಲ್ಲಿ ಹೇಳಿ ಖಚಿತ ಮಾಡಿಕೊಳ್ಳಿ. ನಾನು ಕೊಂಡದ್ದು ಬೆನ್ನಿಗೆ ಗಾಳಿ ತುಂಬುವ, ಹೆಂಗಸರ ಸ್ಮಾಲ್. ಎರಡೂವರೆ ಕಿಲೊ ಇರುವುದರಿಂದ ವಿಮಾನದ 15 ಕಿಲೊ ಲಗೇಜಿನಲ್ಲಿ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಪೂರ್ತಿ ಊದಿಸಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ವಾಪಸ್ ಕೊಡಿ. ಗುಂಡಿಯ ಸುತ್ತ ಬಿಳಿ ಉಪ್ಪು ಕಟ್ಟಿದ್ದರೂ ಅನುಮಾನ ಪಡಿ. ಸಮುದ್ರದಿಂದ ಬಂದ ಮೇಲೆ ಚೀಲದ ಒಳಗೂ ಸಿಹಿನೀರು ಹಾಕಿ ಅಲುಗಾಡಿಸಿ, ಚೆಲ್ಲಿ, ಅರ್ಧ ಊದಿಸಿ ನೆರಳಲ್ಲಿ ಒಣಗಿಸಬೇಕು. ನಮ್ಮ ಬಾಲ್ಕನಿಯಲ್ಲಿ ಅದು ನೇತಾಡುವುದನ್ನು ನೋಡಿ ವಾಚ್‌ಮನ್ ಒಂದು ಸಲ ವಿಚಾರಿಸಿದ್ದೂ ಉಂಟು.

ಜಾಕೆಟ್ ತಂದಿದ್ದೇನೆ, ಹಿಂದಿನ ಮೇಜಿನ ಮೇಲಿದೆ. ಚಹಾ ಆದ ಮೇಲೆ ಕಲಿಯಲು ಹೊರಟಿರುವ ಮೂವರೂ ಬನ್ನಿ, ಸೀರೆಯ ಮೇಲೇ ತೊಟ್ಟು ನೋಡೋಣ. ಬಾಯಿಂದ ಊದಬೇಕಾಗುತ್ತದೆ, ಸಿಲಿಂಡರ್ ತಂದಿಲ್ಲ.